ಖಾಲಿ ಎಂದುಕೊಂಡ ಜಾಗ

ನವೆಂಬರ್ ೧೨
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಕೊಕ್ಕರೆ,

ಹೇಗಿದ್ದೀಯ ಎಂದು ಕೇಳಿ ಪತ್ರ ಶುರು ಮಾಡುವುದು ವಾಡಿಕೆ. ಆ ಪ್ರಶ್ನೆಗೆ ನೀನು ಯಾವತ್ತೂ ನೆಟ್ಟಗೆ ಉತ್ತರ ಕೊಟ್ಟವಳಲ್ಲ. "ಇದೀನಲ್ಲ, ಕಾಣ್ತಾ ಇಲ್ವಾ?" ಎಂದು ಉದ್ದ ಕತ್ತನ್ನು ಮತ್ತೆ ಕಂಪ್ಯೂಟರ್ ಪರದೆಯ ಕಡೆಗೆ ಚಾಚುತ್ತಿದ್ದೆ. ಆದ್ದರಿಂದ ಕೇಳುವುದಿಲ್ಲ. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಕೆಲಸವಿತ್ತು ಎಂದು ನೆಪ ಹೇಳಬಹುದು, ಆದರೆ ನಮ್ಮ ಕೆಲಸ ಎಷ್ಟಿರುತ್ತದೆ ಎಂಬುದು ನಿನಗೆ ಗೊತ್ತಿಲ್ಲದ್ದೇ? ಪೆನ್ನು ಹಿಡಿದು ಕೂತರೆ ಮುಂದಕ್ಕೆ ಹೋಗುತ್ತಿರಲಿಲ್ಲ, ಅಷ್ಟೇ. ಬರೆದು ಹರಿದದ್ದಂತೂ ಬೇಕಾದಷ್ಟಿದೆ.

ಅಕ್ಷರಗಳು ಸಾಲು ಬಿಟ್ಟು ಓಡುತ್ತವೆ ಎಂದು ನೀನೀಗ ಏನನ್ನೂ ಓದುವುದಿಲ್ಲವಂತೆ. ಈ ಪತ್ರವನ್ನೂ ಭಾವನೇ ಓದಿ ಹೇಳುತ್ತಾರೆ. ನನಗಿಂತ ನೀನು ಎರಡೇ ತಿಂಗಳಿಗೆ ದೊಡ್ಡವಳಾದರೂ, ಮದುವೆಯ ದಿನ ನಿನ್ನ ಗಂಡನನ್ನು ತಮಾಷೆಗೆ ಭಾವ ಎಂದು ಕರೆದದ್ದು ನಾಲಿಗೆಗೆ ಅಂಟಿಕೊಂಡೇ ಉಳಿಯಿತು. ಭಾವ, ನಿಮಗೊಂದು ಮಾತು. ದಿನಪತ್ರಿಕೆ ಓದಿ ಹೇಳುವಾಗ ಕೆಟ್ಟ ಸುದ್ದಿಯನ್ನೆಲ್ಲ ನೀವು ಹಾರಿಸಿಬಿಡುತ್ತೀರಿ ಎಂಬುದು ನನಗೆ ಗೊತ್ತು. ಇಲ್ಲಿ ಆ ಕೈಚಳಕ ಬೇಡ. ಒಂದು ಸಾಲನ್ನೂ ನುಂಗಬೇಡಿ. ಕನ್ನಡಕ ಒರೆಸಿಕೊಂಡು, ಬರೆದದ್ದನ್ನು ಬರೆದ ಹಾಗೇ ಓದಿ.

ಮೊದಲು ಕಚೇರಿಯ ಸುದ್ದಿ. ನಿನ್ನ ಮೇಜನ್ನು ಕಿಟಕಿಯ ಪಕ್ಕದಿಂದ ತೆಗೆದು ಮೆಟ್ಟಿಲ ಕೆಳಗೆ ಇಟ್ಟಿದ್ದಾರೆ. ನಾನು ಹೋಗಿ ಜಗಳವಾಡಿದೆ. "ಮೇಜಿಗೂ ನಿವೃತ್ತಿ ಬೇಡ್ವೇನಮ್ಮಾ?" ಎಂದರು ಮುಖ್ಯಸ್ಥರು. ನಿವೃತ್ತಿಯ ದಿನ ನಿಮಗೂ ಮೆಟ್ಟಿಲ ಕೆಳಗೇ ಜಾಗ ಹುಡುಕುತ್ತೇನೆ ಎಂದು ಹೇಳಿ ಬಂದೆ. ಕಾಫಿ ಯಂತ್ರ ಹಾಗೇ ಇದೆ, ಈಗಲೂ ಒದ್ದರೆ ಮಾತ್ರ ಸಕ್ಕರೆ ಬೀಳುತ್ತದೆ. ನೀನು ಒದೆಯುತ್ತಿದ್ದ ಜಾಗದಲ್ಲಿ ತಗಡು ತಗ್ಗಾಗಿದೆ, ಹೊಸಬರಿಗೆಲ್ಲ ಎಲ್ಲಿ ಒದೆಯಬೇಕೆಂದು ಅದರಿಂದಲೇ ಗೊತ್ತಾಗುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ವಾರ ಭಾವನ ಪತ್ರ ಬಂತು. ಕಿರಾಣಿ ಅಂಗಡಿಯ ಚೀಟಿ ಬರೆಯುವ ಅದೇ ಒತ್ತೊತ್ತಾದ ಅಕ್ಷರ. ಅದರಲ್ಲಿದ್ದದ್ದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನೀನು ಕೇಳುತ್ತೀಯಂತೆ, "ನಮ್ಮ ಕೂಸಿನ ಹತ್ರ ನೀರು ಸಿಕ್ತಾ?" ಎಂದು. ಮೊದಮೊದಲು ಅವರು "ಗೊತ್ತಿಲ್ಲ ಕಣೆ" ಎಂದರಂತೆ. ನೀನು ತಟ್ಟೆ ಪಕ್ಕಕ್ಕೆ ಸರಿಸಿ ಗೋಡೆ ನೋಡುತ್ತಾ ಕೂತೆಯಂತೆ. ಮರುದಿನ ಅದೇ ಪ್ರಶ್ನೆ, ಅದೇ ಉತ್ತರ, ಮತ್ತೆ ಊಟವಿಲ್ಲ. ಹಿಂದಿನ ದಿನ ಕೇಳಿದ್ದು ನಿನಗೆ ನೆನಪಿರುವುದಿಲ್ಲ, ಪ್ರತಿದಿನವೂ ಹೊಸದಾಗಿ ನೋವಾಗುತ್ತದೆ ಎಂದು ಬರೆದಿದ್ದಾರೆ. ಕೊನೆಗೆ ಒಂದು ದಿನ ತಡೆಯಲಾರದೆ "ಸಿಕ್ತು" ಎಂದುಬಿಟ್ಟರಂತೆ. ನೀನು ಅವರ ಕೈ ಹಿಡಿದು ನಕ್ಕೆಯಂತೆ, ಎರಡು ತುತ್ತು ಹೆಚ್ಚಿಗೆ ತಿಂದೆಯಂತೆ. ಅಂದಿನಿಂದ ದಿನಾ ಬೆಳಿಗ್ಗೆ ನೀನು ಕೇಳುವುದು, ಅವರು ಸಿಕ್ತು ಎನ್ನುವುದು.

ಅದಕ್ಕೇ ನನಗೊಂದು ಕೋರಿಕೆ. "ನೀನೂ ನಾಲ್ಕು ಸಾಲು ಬರಿ ತಾಯಿ, ನೀರು ಸಿಕ್ಕಿತು ಅಂತ. ನಾನು ಹೇಳಿದರೆ ಅದು ಅಂಗಡಿಯವನ ಮಾತು. ನೀನು ಬರೆದರೆ ಅದರ ತೂಕವೇ ಬೇರೆ. ನಿನ್ನ ಗಂಟೇನು ಹೋಗುತ್ತೆ? ಸಂಜೆ ಹೊತ್ತಿಗೆ ಮರೆತಿರುತ್ತಾಳೆ. ಒಂದು ಬೆಳಿಗ್ಗೆಯಾದರೂ ಮನಸಾರೆ ಖುಷಿಪಡಲಿ." ಇಷ್ಟು ಬರೆದು, ನಾನು ಒಮ್ಮೆಯೂ ಬಂದು ನೋಡಲಿಲ್ಲ ಎಂಬ ಬೇಸರವನ್ನೂ ಸೇರಿಸಿದ್ದಾರೆ.

ಅವರ ಮೇಲೆ ನನಗೆ ಕೋಪವಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಸಿಕ್ಕಿತು ಎಂದು ಬರೆಯಲು ಕೂತೆ ಕೂಡ. ಎಷ್ಟು ಚೆನ್ನಾಗಿ ಬರೆದಿದ್ದೆ ಗೊತ್ತಾ? ಗೆರೆ ಎಲ್ಲಿ ಎದ್ದಿತು, ಎಷ್ಟು ಎತ್ತರ ಎದ್ದಿತು, ನಾವೆಲ್ಲ ಹೇಗೆ ಕುಣಿದೆವು ಎಂದೆಲ್ಲ. ಓದಿ ನೋಡಿದರೆ ನನಗೇ ನಂಬಿಕೆ ಬರುವ ಹಾಗಿತ್ತು. ಹರಿದು ಹಾಕಿದೆ.

ನೀರು ಸಿಕ್ಕಿಲ್ಲ, ಕೊಕ್ಕರೆ. ಇಲ್ಲ ಎನ್ನಲೂ ಈಗ ಬರುವುದಿಲ್ಲ. ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ. ಭಾವ, ನಿಲ್ಲಿಸಬೇಡಿ, ಓದಿ.

ಭಾವನಿಗೂ ಅರ್ಥವಾಗುವ ಹಾಗೆ ಹೇಳಬೇಕು. ನಿನ್ನ ಜೊತೆ ಇಷ್ಟು ವರ್ಷ ಬಾಳಿಯೂ ನಕ್ಷತ್ರಕ್ಕೂ ಗ್ರಹಕ್ಕೂ ಇರುವ ವ್ಯತ್ಯಾಸ ಕೇಳಿದರೆ ತಲೆ ಕೆರೆದುಕೊಳ್ಳುವ ಮನುಷ್ಯ. ನಿನಗೆ ಬೇಜಾರಾದರೆ ಸ್ವಲ್ಪ ಹೊತ್ತು ಆಚೆ ನೋಡುತ್ತಿರು.

ಭಾವ, ನಕ್ಷತ್ರ ಹುಟ್ಟುವುದು ಕತ್ತಲು ಕವಿದ, ಮೈ ಕೊರೆಯುವಷ್ಟು ತಣ್ಣಗಿನ ಮೋಡದೊಳಗೆ. ಅನಿಲ, ದೂಳು ತುಂಬಿದ ಮೋಡ. ಅದು ತನ್ನ ಭಾರಕ್ಕೆ ತಾನೇ ಕುಗ್ಗುತ್ತಾ ನಡುವೆ ಬಿಸಿಯಾಗುತ್ತಾ ಹೋಗುತ್ತದೆ. ಅಲ್ಲಿನ ದೂಳಿನ ಕಣಗಳ ಮೇಲೆ ನೀರು ಹೆಪ್ಪುಗಟ್ಟಿ ಕೂತಿರುತ್ತದೆ. ಒಳಗಿನ ಮರಿನಕ್ಷತ್ರದ ಕಾವು ತಾಗಿದಾಗ ಆ ಹೆಪ್ಪು ಬಿಟ್ಟು ಆವಿಯಾಗುತ್ತದೆ, ಆವಿಯಾದ ನೀರು ತನ್ನದೇ ಗುರುತಿನ ಒಂದು ಕ್ಷೀಣ ಅಲೆಯನ್ನು ಹೊರಡಿಸುತ್ತದೆ. ಆ ಅಲೆ ಸಿಕ್ಕರೆ, ಮುಂದೆ ಅಲ್ಲಿ ಹುಟ್ಟುವ ಲೋಕಗಳ ಪಾಲಿಗೆ ಎಷ್ಟು ನೀರಿದೆ ಎಂದು ಹೇಳಬಹುದು. ನಮ್ಮ ಲೋಕಕ್ಕೆ ನೀರು ಎಲ್ಲಿಂದ ಬಂತು ಎಂಬುದಕ್ಕೂ ಸುಳಿವು ಸಿಗುತ್ತದೆ. ನೆಲದ ಮೇಲೆ ನಿಂತು ಇದನ್ನು ನೋಡಲಾಗದು, ಯಾಕೆಂದರೆ ನಮ್ಮ ಗಾಳಿಯಲ್ಲೇ ಆವಿ ತುಂಬಿದೆ. ಬಿಸಿನೀರು ಸುರಿದುಕೊಂಡ ಮೇಲೆ ಬಚ್ಚಲಿನ ಕನ್ನಡಿಯಲ್ಲಿ ಮುಖ ನೋಡಿಕೊಂಡ ಹಾಗಾಗುತ್ತದೆ. ಅದಕ್ಕೇ ದೂರದರ್ಶಕವನ್ನು ಗಾಳಿ ದಾಟಿಸಿ ಅಷ್ಟು ದೂರಕ್ಕೆ ಕಳಿಸಿದ್ದು. ನಿಮ್ಮ ಹೆಂಡತಿ ಮತ್ತು ನಾನು ನೋಡಬೇಕೆಂದು ಹಟ ಹಿಡಿದದ್ದು ಅಂಥ ಒಂದೇ ಒಂದು ಮರಿನಕ್ಷತ್ರವನ್ನು. ಪಟ್ಟಿಯಲ್ಲಿ ಅದಕ್ಕೊಂದು ಉದ್ದದ ಸಂಖ್ಯೆ ಇದೆ. ಇನ್ನೂ ಮೋಡದ ಹೊಟ್ಟೆಯೊಳಗೇ ಇರುವುದರಿಂದ ನಮಗದು ಕೂಸು.

ಈಗ ಮುಖ್ಯವಾದದ್ದು. ದೂರದರ್ಶಕಕ್ಕೂ ಮೈಬಿಸಿ ಇದೆ. ಎಷ್ಟು ತಣ್ಣಗಿಟ್ಟರೂ ಅದರದೇ ಗದ್ದಲ ನೀರಿನ ಅಲೆಗಿಂತ ಎಷ್ಟೋ ಪಾಲು ಜೋರು. ಹಾಗಾಗಿ ಒಮ್ಮೆ ಕೂಸನ್ನು ನೋಡಬೇಕು, ತಕ್ಷಣ ಪಕ್ಕಕ್ಕೆ ತಿರುಗಿ ಏನೂ ಇಲ್ಲದ ಒಂದು ಜಾಗವನ್ನು ನೋಡಬೇಕು, ಮೊದಲಿನದರಿಂದ ಎರಡನೆಯದನ್ನು ಕಳೆಯಬೇಕು. ಗದ್ದಲ ಎರಡರಲ್ಲೂ ಒಂದೇ, ಹೊರಟುಹೋಗುತ್ತದೆ. ಉಳಿದದ್ದು ಕೂಸಿನದು. ಗಿರಾಕಿ ತಂದ ಡಬ್ಬಕ್ಕೆ ಎಣ್ಣೆ ಹಾಕುವ ಮೊದಲು ನೀವು ಖಾಲಿ ಡಬ್ಬ ತೂಗಿ, ಆಮೇಲೆ ಅದನ್ನು ಕಳೆಯುತ್ತೀರಲ್ಲ, ಅದೇ ಲೆಕ್ಕ.

ಕೊಕ್ಕರೆ, ಆ ಖಾಲಿ ಜಾಗ ಹುಡುಕುವುದರಲ್ಲಿ ನಿನ್ನನ್ನು ಮೀರಿಸಿದವರು ಇರಲಿಲ್ಲ. ನೆಲದ ತುಂಬ ಆಕಾಶದ ನಕ್ಷೆಗಳನ್ನು ಹಾಸಿ, ಚಪ್ಪಲಿ ಮೂಲೆಗೆ ಬಿಟ್ಟು, ನೀನು ಅವುಗಳ ನಡುವೆ ಒಂಟಿಕಾಲಲ್ಲಿ ನಿಂತಿರುತ್ತಿದ್ದುದನ್ನು ನೋಡಿಯೇ ಈ ಹೆಸರಿಟ್ಟದ್ದು ನಾನು. ಬೇರೆ ತಂಡದವರೂ ಬಂದು ನಿನ್ನ ಬಾಗಿಲು ತಟ್ಟುತ್ತಿದ್ದರು, "ನಮಗೂ ಒಂದು ಖಾಲಿ ಹುಡುಕಿ ಕೊಡ್ತೀರಾ?" ಎಂದು. "ಇರೋದನ್ನ ಯಾರು ಬೇಕಾದ್ರೂ ಹುಡುಕ್ತಾರೆ. ಇಲ್ಲ ಅಂತ ಕೈ ಎತ್ತಿ ಹೇಳೋದು ಸುಮ್ನೆ ಅಲ್ಲ ಕಣೆ" ಎನ್ನುತ್ತಿದ್ದೆ. ಕೂಸಿನ ಪಕ್ಕದ ಖಾಲಿ ಜಾಗಕ್ಕೆ ನೀನು ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ದಿನ ನಾನು ಪಕ್ಕದಲ್ಲೇ ಇದ್ದೆ. ಅಲ್ಲಿ ದೂಳಿಲ್ಲ, ನಕ್ಷತ್ರವಿಲ್ಲ, ಯಾವ ನಕ್ಷೆಯಲ್ಲೂ ಏನೂ ಇರಲಿಲ್ಲ. ಇದಕ್ಕಿಂತ ಖಾಲಿ ಸಿಗುವುದಿಲ್ಲ ಎಂದು ನಾನೇ ಬೆನ್ನು ತಟ್ಟಿದೆ.

ಕಳೆದು ನೋಡಿದರೆ ಪರದೆಯ ಮೇಲೆ ಬಂದ ಗೆರೆ ಮಟ್ಟಸ. ನೀರಿದ್ದರೆ ಏಳಬೇಕಾದ ಒಂದು ಉಬ್ಬೂ ಇಲ್ಲ. ನೀನು ಅಳಲಿಲ್ಲ. "ಗೆರೆ ಏನ್ ಹೇಳತ್ತೋ ಅದನ್ನೇ ಬರಿ" ಎಂದೆ. ಕೂಸು ಒಣಗಿದೆ, ಅಲ್ಲಿ ಹೇಳಿಕೊಳ್ಳುವಷ್ಟು ನೀರಿಲ್ಲ ಎಂದು ಬರೆದೆವು. ಎಲ್ಲರೂ ಒಪ್ಪಿದರು. ನೀನು ಮಾತ್ರ ಹೋಗಿ ಬಂದು ಅದೇ ಗೆರೆಯ ಮುಂದೆ ನಿಲ್ಲುತ್ತಿದ್ದೆ, "ಏನೋ ಸರಿಯಿಲ್ಲ, ಏನೋ ಸರಿಯಿಲ್ಲ" ಎಂದು. ಆಮೇಲೆ ನಿನ್ನ ತಲೆಯಲ್ಲೇ ಏನೋ ಸರಿಯಿಲ್ಲ ಎಂದು ಡಾಕ್ಟರು ಹೇಳಿದರು, ನೀನು ಮನೆಗೆ ಹೋದೆ.

ಈ ಬೇಸಗೆಯಲ್ಲಿ ಬೇರೊಂದು ತಂಡದವರು ಇನ್ಯಾವುದನ್ನೋ ನೋಡಲು ಹೋಗಿ, ದಾರಿಯಲ್ಲಿ ದೂರದರ್ಶಕವನ್ನು ನಿನ್ನ ಖಾಲಿ ಜಾಗದ ಮೇಲೆ ಹಾಯಿಸಿದರು. ಅಲ್ಲಿ ನೀರಿತ್ತು. ತೆಳುವಾದ, ತಣ್ಣನೆಯ ಆವಿ, ಬೇರೆ ಯಾವ ಕಣ್ಣಿಗೂ ಬೀಳದ ಹಾಗೆ ಅಷ್ಟಗಲ ಹರಡಿಕೊಂಡು. ಅಂದರೆ ನಾವು ನೀರಿನಿಂದ ನೀರನ್ನೇ ಕಳೆದು ಸೊನ್ನೆ ಎಂದು ಬರೆದಿದ್ದೆವು. ಭಾವ, ಡಬ್ಬ ಖಾಲಿ ಇರಲಿಲ್ಲ.

ಹಾಗಾದರೆ ಕೂಸಿನ ಹತ್ತಿರವೂ ಅಷ್ಟೇ ನೀರಿದೆ ಎಂದಾಯಿತಲ್ಲ ಎಂದು ನೀವು ಕೇಳುತ್ತೀರಿ. ಅವಳನ್ನೇ ಕೇಳಿ, ಬೈಯುತ್ತಾಳೆ. ಆ ತೆಳು ಆವಿ ಕೂಸಿನ ಮುಂದೆಯೂ ಪರದೆಯ ಹಾಗೆ ಹರಡಿರಬಹುದು. ಇದ್ದದ್ದು ಪರದೆಯ ನೀರೋ ಕೂಸಿನ ನೀರೋ ಎಂದು ಬಿಡಿಸಿ ಹೇಳಬೇಕಾದರೆ ನಿಜವಾದ ಖಾಲಿ ಜಾಗವನ್ನು ಇಟ್ಟುಕೊಂಡು ಮತ್ತೊಮ್ಮೆ ನೋಡಲೇಬೇಕು. ಹಳೆಯ ದಾಖಲೆಯಿಂದ ಬಗೆದು ತೆಗೆಯಲು ನಾನು ತಿಂಗಳುಗಟ್ಟಲೆ ಒದ್ದಾಡಿದೆ. ಗದ್ದಲ ಬಿಟ್ಟು ಏನೂ ಬರಲಿಲ್ಲ.

ಗಡಿಯಾರದ ಹತ್ತಿರ ಹೋದೆ. ಯಾರು ಯಾವಾಗ ಏನು ನೋಡಬೇಕೆಂದು ಸರದಿ ಹಂಚುವ ನಮ್ಮ ಆ ಒಣಕಲು ಮನುಷ್ಯ ನಿನಗೆ ನೆನಪಿದ್ದಾನೋ ಇಲ್ಲವೋ, ಅವನ ಹೆಸರಿಗಿಂತ ಅಡ್ಡಹೆಸರೇ ಎಲ್ಲರಿಗೂ ಗೊತ್ತು. ದೂರದರ್ಶಕವನ್ನು ತಣ್ಣಗಿಟ್ಟಿದ್ದ ದ್ರವ ಹೀಲಿಯಂ ಮುಗಿಯುತ್ತಾ ಬಂದಿತ್ತು. ಅದು ಆರಿದ ದಿನ ದೂರದರ್ಶಕ ಕುರುಡು. ಎಷ್ಟು ಉಳಿದಿದೆ ಎಂದು ಖಚಿತವಾಗಿ ಹೇಳುವವರಿಲ್ಲ, ಎಲ್ಲರೂ ಅವನ ಮುಂದೆ ಸಾಲು. ಒಮ್ಮೆ ನೋಡಿ ಮುಗಿಸಿದ್ದನ್ನು ಎರಡನೆಯ ಸಲ ಯಾರಿಗೂ ಕೊಟ್ಟವನಲ್ಲ. ನಿನ್ನ ವಿಷಯ ಹೇಳಿದೆ. ಅವನು ಸರದಿಯ ಪಟ್ಟಿಯಿಂದ ತಲೆ ಎತ್ತಿ, "ಅವರು ಹುಡುಕಿದ ಖಾಲಿ ಖಾಲಿ ಇರಲಿಲ್ವಾ?" ಎಂದ, ತನ್ನ ಮನೆಯ ಯಾರಿಗೋ ಏನೋ ಆದವನ ಹಾಗೆ. ಆಮೇಲೆ, "ಬುಧವಾರ ಹಾಕ್ತೀನಿ. ಹೊಸ ಜಾಗ ನೀವೇ ಆರಿಸಿ" ಎಂದ.

ನಾನು ಆರಿಸಿದೆ. ನಿನ್ನ ನಕ್ಷೆಗಳನ್ನು ನೆಲದ ಮೇಲೆ ಹಾಸಿಕೊಂಡು, ನಿನ್ನ ಹಾಗೇ ಚಪ್ಪಲಿ ಬಿಟ್ಟು. ಯಾವ ಕಪ್ಪು ಜಾಗ ನೋಡಿದರೂ ಅಲ್ಲೂ ಏನೋ ಇರಬಹುದು ಎನ್ನಿಸುತ್ತಿತ್ತು. ನೀನಿದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ.

ಎರಡು ವಾರದ ಹಿಂದೆ, ಮಂಗಳವಾರ, ಊಟ ಮುಗಿಸಿ ಬರುವಷ್ಟರಲ್ಲಿ ಕೋಣೆಯ ತುಂಬ ಜನ. ಪರದೆಯ ಮೇಲೆ ಉಷ್ಣತೆಯ ಗೆರೆ ಮೇಲಕ್ಕೆ ಏರುತ್ತಿತ್ತು. ಸದ್ದಿಲ್ಲ, ಗಂಟೆ ಬಾರಿಸಲಿಲ್ಲ, ಸುಮ್ಮನೆ ಏರುತ್ತಿತ್ತು. ಹೀಲಿಯಂ ಆರಿಹೋಗಿತ್ತು. ಯಾರೋ ಬಿಸ್ಕತ್ತಿನ ಪೊಟ್ಟಣ ಒಡೆದು ಮೇಜಿನ ಮೇಲಿಟ್ಟರು, ಯಾರೂ ಮುಟ್ಟಲಿಲ್ಲ. ಗಡಿಯಾರ ನನ್ನ ಹತ್ತಿರ ಬಂದು, "ಅಮ್ಮಾ, ನಿಮ್ಮದು ನಾಳೆ ಇತ್ತು" ಎಂದ. "ಗೊತ್ತು ಕಣಪ್ಪ" ಎಂದೆ. "ಸೋಮವಾರಾನೇ ಹಾಕಬಹುದಿತ್ತು. ಯಾಕೆ ಹಾಕಲಿಲ್ಲ ನಾನು?" ಎಂದ. ಇನ್ನೊಂದು ಅಂಥ ದೂರದರ್ಶಕವನ್ನು ಯಾವಾಗ ಕಳಿಸುತ್ತಾರೋ ದೇವರೇ ಬಲ್ಲ. ನಮ್ಮ ಕಾಲಕ್ಕಂತೂ ಇಲ್ಲ. ಇವತ್ತಿಗೆ ಇಲ್ಲಿ ನಿಲ್ಲಿಸುತ್ತೇನೆ, ಬೆರಳು ಸೋತಿದೆ.

ಗುರುವಾರ

ನಿನ್ನೆ ಪೂರ್ತಿ ಈ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಅಂಚೆಪೆಟ್ಟಿಗೆಯ ಮುಂದೆ ಎರಡು ಸಲ ನಿಂತು ವಾಪಸು ಬಂದೆ. ಮರೆವಿನ ಕಾಯಿಲೆಯವರಿಗೆ ನಿಜ ಹೇಳಿ ಏನು ಸಾಧಿಸುತ್ತೀ ಎಂದು ನನ್ನನ್ನೇ ಬೈದುಕೊಂಡೆ. ನಾಳೆ ಬೆಳಿಗ್ಗೆ ನೀನು ಮತ್ತೆ ಕೇಳಿಯೇ ಕೇಳುತ್ತೀಯ. ಮತ್ತೆ ಭಾವನೇ ಉತ್ತರ ಕೊಡಬೇಕು. ನಾನು ಇಲ್ಲಿ ಕೂತು ಸತ್ಯವಂತೆ ಎನ್ನಿಸಿಕೊಳ್ಳುವುದು ಸುಲಭ, ಪಕ್ಕಕ್ಕೆ ಸರಿದ ತಟ್ಟೆಯನ್ನು ನೋಡಬೇಕಾದವರು ಅವರು. ಭಾವ, ಇದನ್ನು ಓದಿದ ದಿನ ಅವಳು ಊಟ ಬಿಟ್ಟರೆ ನನಗೆ ಬೈಯಿರಿ, ಹೊಟ್ಟೆ ತುಂಬ ಬೈಯಿರಿ. ಆದರೆ ಓದಿ.

ಕೊಕ್ಕರೆ, ಇದರಲ್ಲಿ ನಿನ್ನದು ತಪ್ಪು ಎನ್ನುವುದಾದರೆ ನಮ್ಮೆಲ್ಲರದೂ ತಪ್ಪೇ. ಆ ಜಾಗದಲ್ಲಿ ಇದ್ದದ್ದನ್ನು ನೋಡಬಲ್ಲ ಕಣ್ಣು ಲೋಕದಲ್ಲಿ ಒಂದೇ ಇತ್ತು, ನೀನು ಗುರುತು ಹಾಕಿದ ದಿನ ದೂರದರ್ಶಕದ ಆ ಕಣ್ಣನ್ನು ನಾವು ಇನ್ನೂ ತೆರೆದಿರಲೇ ಇಲ್ಲ. ಬೇರೆ ಯಾರಿದ್ದರೂ ಅಲ್ಲೇ ಗುರುತು ಹಾಕುತ್ತಿದ್ದರು. ಇದು ನಿನ್ನ ಸಮಾಧಾನಕ್ಕೆ ಹೇಳಿದ ಮಾತಲ್ಲ. ಸಮಾಧಾನ ಹೇಳಲು ಬಂದಿದ್ದರೆ ನೀರು ಸಿಕ್ಕಿತು ಎಂದೇ ಬರೆಯುತ್ತಿದ್ದೆ.

ಕೂಸು ಒಣಗಿದೆ ಎಂದು ನಾವು ಬರೆದದ್ದು ನಿಲ್ಲುವುದಿಲ್ಲ, ನಮಗೆ ಗೊತ್ತಿಲ್ಲ ಎಂದು ತಿದ್ದುಪಡಿ ಬರೆದು ಕಳಿಸಿದ್ದೇನೆ. ನಿನ್ನ ಹೆಸರು ಮೊದಲು, ನನ್ನದು ಆಮೇಲೆ, ಹಿಂದಿನ ಹಾಗೇ. ನಿನ್ನನ್ನು ಕೇಳದೆ ನಿನ್ನ ಹೆಸರು ಹಾಕಿದೆ. ಏನೋ ಸರಿಯಿಲ್ಲ ಎಂದು ಎಲ್ಲರಿಗಿಂತ ಮೊದಲು ಅಂದವಳು ನೀನೇ ಆದ್ದರಿಂದ ಬೇಡ ಎನ್ನಲಾರೆ ಅಂದುಕೊಂಡಿದ್ದೇನೆ. ಇಷ್ಟು ವರ್ಷದ ದುಡಿಮೆಗೆ ಕೊನೆಯಲ್ಲಿ ಬರೆದದ್ದು ಗೊತ್ತಿಲ್ಲ ಎಂಬ ಒಂದು ಮಾತು. ಬರೆಯುವಾಗ ನನಗೆ ಅಳು ಬಂತು. ಯಾರೂ ಇಲ್ಲದ ಕೋಣೆ, ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಬಂದು ಅಲ್ಪವಿರಾಮಗಳನ್ನು ಸರಿಮಾಡಿದೆ.

ಇನ್ನೇನು ಬರೆಯಲಿ? ದೊಡ್ಡವಳಿಗೆ ಚಿಕ್ಕವಳು ಹರಸಬಾರದು ಎನ್ನುತ್ತಾರೆ, ಎರಡು ತಿಂಗಳಿನ ದೊಡ್ಡಸ್ತಿಕೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿನಗೆ ನಿದ್ದೆ ಚೆನ್ನಾಗಿ ಬರಲಿ. ತಿಂದದ್ದು ರುಚಿಸಲಿ. ಎದ್ದಾಗ ಯಾವುದಕ್ಕೂ ಹೆದರಿಕೆಯಾಗದಿರಲಿ. ಭಾವ, ನಿಮ್ಮ ಮಂಡಿನೋವು ಇಳಿಯಲಿ, ನಿಮ್ಮ ತಾಳ್ಮೆ ಹೀಗೇ ಇರಲಿ. ಇವಳಿಗೆ ನಿಮ್ಮಂಥವರು ಸಿಕ್ಕಿದ್ದು ನನ್ನ ಪುಣ್ಯ ಕೂಡ.

ಇಂತಿ ನಿನ್ನ,
ವಟವಟ ಕಪ್ಪೆ

ಮರೆತ ಮಾತು: ಭಾವ, ಇದನ್ನೂ ಓದಿ. ನಾನು ಬಂದು ನೋಡಲಿಲ್ಲ ಎಂದು ಬರೆದಿದ್ದೀರಿ. ಬಂದಿದ್ದೆ, ಹೋದ ತಿಂಗಳು. ನೀವು ಔಷಧಿ ತರಲು ಹೋಗಿದ್ದಿರಿ, ನರ್ಸ್ ಬಾಗಿಲು ತೆಗೆದಳು. ನಿಮಗೆ ಹೇಳಬೇಡ ಎಂದು ಅವಳನ್ನು ಕೇಳಿಕೊಂಡದ್ದು ನಾನೇ, ಅವಳಿಗೆ ಗದರಬೇಡಿ.

ಕೊಕ್ಕರೆ, ನೀನು ನನ್ನನ್ನು ನೋಡಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟೆ. "ಬನ್ನಿ, ಕೂತ್ಕೊಳ್ಳಿ. ನೀವು ಹೊಸಬರಾ?" ಎಂದೆ. ಇಷ್ಟು ವರ್ಷದಲ್ಲಿ ನೀನು ನನ್ನನ್ನು ನೀವು ಎಂದದ್ದು ಅದೇ ಮೊದಲು. ಹೌದು, ಹೊಸಬಳು ಎಂದೆ. ಆಮೇಲೆ ನೀನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದೆ: "ಇವ್ರು ದಿನಾ ನೀರು ಸಿಕ್ತು ಸಿಕ್ತು ಅಂತಾರೆ. ನಂಗೆ ನಂಬಿಕೆ ಇಲ್ಲ. ಪಾಪ, ಬೇಜಾರು ಮಾಡ್ಕೋತಾರೆ ಅಂತ ನಗ್ತೀನಿ, ಎರಡು ತುತ್ತು ಜಾಸ್ತಿ ತಿಂತೀನಿ. ನಂಗೊಬ್ಬಳು ಗೆಳತಿ ಇದಾಳೆ, ಬಾಯಿಬಡುಕಿ. ಅವಳು ಬರೆದ್ರೆ ಮಾತ್ರ ನಂಬ್ತೀನಿ, ಅವಳಿಗೆ ಸುಳ್ಳು ಹೇಳೋಕೆ ಬರಲ್ಲ. ನಿಮ್ಗೆ ಅವಳ ಪರಿಚಯ ಇದೆಯಾ?"

ಇದೆ ಎಂದೆ.

"ಹಾಗಾದ್ರೆ ಹೇಳಿ, ಬೇಗ ಬರಿಬೇಕಂತೆ ಅಂತ. ಅವಳನ್ನ ನೋಡಿ ತುಂಬ ದಿನ ಆಯ್ತು."